ಪಂಚರ್ ಅಂಗಡಿಯಿಂದ ಬಂದ ಪಾದ

ಮಕ್ಕಳೇ, ಇದನ್ನು ಓದುವ ಮೊದಲು ಒಂದು ಸಣ್ಣ ಕೆಲಸ ಮಾಡಿ. ಚಪ್ಪಲಿ ಬಿಚ್ಚಿಟ್ಟು ನೆಲದ ಮೇಲೆ ಕುಕ್ಕರಗಾಲಲ್ಲಿ ಕುಳಿತುಕೊಳ್ಳಿ. ಈಗ ಬಗ್ಗಿ ನಿಮ್ಮ ಪಾದವನ್ನು ನೋಡಿ. ಹಿಮ್ಮಡಿ ನೆಲಕ್ಕೆ ಅಂಟಿದೆ, ಕಾಲು ಮುಂದಕ್ಕೆ ವಾಲಿದೆ, ಪಾದದ ಗಿಣ್ಣು ಚೆನ್ನಾಗಿ ಮಡಚಿಕೊಂಡಿದೆ. ಸರಿ, ಈಗ ಚಕ್ಕಳಮಕ್ಕಳ ಹಾಕಿ ಕುಳಿತುಕೊಳ್ಳಿ. ಪಾದ ಒಂದು ಪಕ್ಕಕ್ಕೆ ಹೊರಳಿತು, ಅಲ್ವಾ?

ಇನ್ನೊಂದು ಪರೀಕ್ಷೆ. ಎರಡು ಗಟ್ಟಿ ರಟ್ಟಿನ ತುಂಡುಗಳನ್ನು ತೆಗೆದುಕೊಂಡು ಒಂದು ಕಾಲಿನ ಗಿಣ್ಣಿನ ಮುಂದೆ ಒಂದು, ಹಿಂದೆ ಒಂದು ಇಟ್ಟು ಬಟ್ಟೆಯಿಂದ ಕಟ್ಟಿ. ತೀರಾ ಬಿಗಿಯಾಗಿ ಬೇಡ, ಗಿಣ್ಣು ಮಡಚದಿದ್ದರೆ ಸಾಕು. ಗೆಳೆಯನ ಅಥವಾ ಗೆಳತಿಯ ಕೈ ಹಿಡಿದುಕೊಂಡು ಮತ್ತೆ ಕುಕ್ಕರಗಾಲಲ್ಲಿ ಕೂರಲು ನೋಡಿ. ಮೈದಾನದ ಉಬ್ಬುತಗ್ಗಿನಲ್ಲಿ ನಾಲ್ಕು ಹೆಜ್ಜೆ ನಡೆಯಿರಿ.

ಕಷ್ಟ ಆಯ್ತಾ? ಆ ಕಷ್ಟದಿಂದಲೇ ನಮ್ಮ ಕತೆ ಶುರುವಾಗುತ್ತದೆ.

ಮೂಲೆ ಸೇರಿದ ಕಾಲು

1960ರ ದಶಕ. ರಾಜಸ್ಥಾನದ ಜೈಪುರದ ಸವಾಯಿ ಮಾನಸಿಂಗ್ ಆಸ್ಪತ್ರೆ. ಅಲ್ಲಿಯ ಮೂಳೆ ಚಿಕಿತ್ಸಾ ವಿಭಾಗವನ್ನು ನಡೆಸುತ್ತಿದ್ದವರು ಡಾ. ಪ್ರಮೋದ್ ಕರಣ್ ಸೇಠಿ. ಮೊದಲು ಸಾಮಾನ್ಯ ಶಸ್ತ್ರಚಿಕಿತ್ಸೆ ಕಲಿತು, ಆಸ್ಪತ್ರೆಗೆ ಮೂಳೆ ವಿಭಾಗ ಬೇಕಾದಾಗ ಆ ಕೆಲಸಕ್ಕೆ ಇಳಿದವರು ಅವರು. ಅಪಘಾತದಲ್ಲಿ, ರೋಗದಲ್ಲಿ ಕಾಲು ಕಳೆದುಕೊಂಡವರು ಅವರ ಬಳಿಗೆ ಬರುತ್ತಿದ್ದರು. ಹೆಚ್ಚಿನವರು ಹಳ್ಳಿಯವರು, ಬಡವರು.

ಆಗ ಕೃತಕ ಕಾಲು ಅಂದರೆ ಹೊರದೇಶದ ಮಾದರಿಯದು. 1950ರ ದಶಕದಲ್ಲಿ ಅಮೆರಿಕದಲ್ಲಿ ರೂಪುಗೊಂಡ 'ಸ್ಯಾಚ್' ಎಂಬ ಪಾದ ತುಂಬ ಹೆಸರು ಮಾಡಿತ್ತು. ಅದರ ಒಳಗೆ ಉದ್ದಕ್ಕೂ ಒಂದು ಗಟ್ಟಿ ಮರದ ತುಂಡು, ಹಿಮ್ಮಡಿಯ ಜಾಗದಲ್ಲಿ ಮಾತ್ರ ಮೆತ್ತನೆಯ ದಿಂಬು. ಬೂಟು ಹಾಕಿಕೊಂಡು, ಸಮತಟ್ಟಾದ ನೆಲದ ಮೇಲೆ ನಡೆದು, ಕುರ್ಚಿಯಲ್ಲಿ ಕೂರುವವರಿಗೆ ಅದು ಒಳ್ಳೆಯ ಪಾದವೇ. ಅದರಲ್ಲಿ ತಪ್ಪೇನೂ ಇರಲಿಲ್ಲ.

ಆದರೆ ನಮ್ಮ ಹಳ್ಳಿಯ ರೈತರ ದಿನ ಹೇಗಿರುತ್ತದೆ ಯೋಚಿಸಿ. ಬರಿಗಾಲಲ್ಲಿ ಗದ್ದೆಗೆ ಇಳಿಯಬೇಕು. ಬದುವಿನ ಮೇಲೆ ನಡೆಯಬೇಕು. ನೆಲದ ಮೇಲೆ ಕುಳಿತು ಊಟ ಮಾಡಬೇಕು. ಕುಕ್ಕರಗಾಲಲ್ಲಿ ಕುಳಿತು ಕಳೆ ಕೀಳಬೇಕು, ಹಾಗೇ ಕುಳಿತು ಬಹಿರ್ದೆಸೆ ಮುಗಿಸಬೇಕು. ದೇವಸ್ಥಾನಕ್ಕೋ ಮಸೀದಿಗೋ ಹೋದರೆ ಬೂಟು ಬಾಗಿಲಲ್ಲೇ ಬಿಡಬೇಕು. ಬೂಟು ಬಿಚ್ಚಿದರೆ ಆ ಪಾದ ಪಾದದಂತೆ ಕಾಣುತ್ತಲೂ ಇರಲಿಲ್ಲ. ನೀರು, ಕೆಸರು ತಾಗಿದರೆ ಹಾಳಾಗುತ್ತಿತ್ತು. ಬೆಲೆಯೂ ಕೈಗೆ ಎಟುಕುವಂಥದ್ದಲ್ಲ.

ಹಾಗಾಗಿ ಏನಾಗುತ್ತಿತ್ತು? ಆಸ್ಪತ್ರೆಯಲ್ಲಿ ಕಾಲು ಹಾಕಿಸಿಕೊಂಡು ಹೋದವರು ಊರಿಗೆ ಹೋದ ಮೇಲೆ ಅದನ್ನು ಬಿಚ್ಚಿ ಮೂಲೆಗಿಟ್ಟು, ಮತ್ತೆ ಊರುಗೋಲು ಹಿಡಿಯುತ್ತಿದ್ದರು.

ಇಲ್ಲಿ ಸ್ವಲ್ಪ ನಿಲ್ಲೋಣ. ಒಬ್ಬ ದೊಡ್ಡ ಡಾಕ್ಟರು ಇಂಥದ್ದನ್ನು ನೋಡಿದಾಗ ಎರಡು ರೀತಿ ಯೋಚಿಸಬಹುದು. "ನಾನು ಕೊಟ್ಟಿದ್ದು ಒಳ್ಳೇದೇ, ಈ ಜನಕ್ಕೆ ಬಳಸೋಕೆ ಬರಲ್ಲ" ಅನ್ನುವುದು ಒಂದು. "ಜನ ಯಾಕೆ ಬಳಸ್ತಿಲ್ಲ? ಕಾಲಿನಲ್ಲೇ ಏನೋ ಕೊರತೆ ಇರಬೇಕು" ಅನ್ನುವುದು ಇನ್ನೊಂದು. ಸೇಠಿ ಎರಡನೆಯದನ್ನು ಆರಿಸಿಕೊಂಡರು. ಪ್ರಶ್ನೆಯನ್ನು ರೋಗಿಯ ಕಡೆಯಿಂದ ನೋಡಿದ ಆ ದಿನವೇ ಅರ್ಧ ಕೆಲಸ ಆಯಿತು ಅನ್ನಬಹುದು.

ಡಾಕ್ಟರು ಮತ್ತು ಮಾಸ್ಟರ್‌ಜಿ

ಅದೇ ಆಸ್ಪತ್ರೆಯಲ್ಲಿ ಇನ್ನೊಬ್ಬರಿದ್ದರು. ರಾಮಚಂದ್ರ ಶರ್ಮಾ. ಜೈಪುರದ ಕುಶಲಕರ್ಮಿಗಳ ಮನೆತನದವರು. ನಾಲ್ಕನೆಯ ತರಗತಿಯವರೆಗೆ ಓದಿದವರು ಎಂದು ಅವರ ಬಗ್ಗೆ ಬರೆದವರು ಹೇಳುತ್ತಾರೆ. ಆದರೆ ಕಲ್ಲು, ಮರ, ಲೋಹ ಯಾವುದನ್ನು ಕೊಟ್ಟರೂ ಅವರ ಕೈ ಮಾತಾಡುತ್ತಿತ್ತು. ರೋಗಿಗಳಿಗೆ ಕರಕುಶಲ ಕೆಲಸ ಕಲಿಸಲೆಂದು ಅವರು ಆಸ್ಪತ್ರೆಗೆ ಬಂದಿದ್ದರು. ಎಲ್ಲರೂ ಅವರನ್ನು 'ಮಾಸ್ಟರ್‌ಜಿ' ಎನ್ನುತ್ತಿದ್ದರು.

ಕಾಲಿಲ್ಲದವರು ಒದ್ದಾಡುವುದನ್ನು ಮಾಸ್ಟರ್‌ಜಿ ದಿನಾ ನೋಡುತ್ತಿದ್ದರು. ಮನುಷ್ಯನ ಪಾದದಂತೆ ಕಾಣುವ ಪಾದವನ್ನು ಮಾಡುವುದು ಅವರಿಗೆ ಕಷ್ಟವಾಗಿರಲಿಲ್ಲ. ಆದರೆ ಕಾಣುವುದು ಬೇರೆ, ನಡೆಯುವುದು ಬೇರೆ. ಹೆಜ್ಜೆ ಇಡುವಾಗ ಮೈಭಾರ ಎಲ್ಲಿ ಬೀಳುತ್ತದೆ? ಕತ್ತರಿಸಿದ ಕಾಲಿನ ತುದಿಯಲ್ಲಿ ಯಾವ ಜಾಗ ಒತ್ತಡ ತಡೆಯುತ್ತದೆ, ಯಾವ ಜಾಗ ತಡೆಯುವುದಿಲ್ಲ? ಇದು ಡಾಕ್ಟರರಿಗೆ ಗೊತ್ತಿತ್ತು, ಮಾಸ್ಟರ್‌ಜಿಗೆ ಗೊತ್ತಿರಲಿಲ್ಲ. ಯಾವ ವಸ್ತುವನ್ನು ಹೇಗೆ ಬಗ್ಗಿಸಬಹುದು, ಹೇಗೆ ಅಚ್ಚಿಗೆ ಹಾಕಬಹುದು ಅನ್ನುವುದು ಮಾಸ್ಟರ್‌ಜಿಗೆ ಗೊತ್ತಿತ್ತು, ಡಾಕ್ಟರರಿಗೆ ಗೊತ್ತಿರಲಿಲ್ಲ.

ಇವರ ಜೊತೆ ಡಾ. ಎಸ್. ಸಿ. ಕಾಸ್ಲಿವಾಲ್, ಡಾ. ಮಹೇಶ್ ಉದಾವತ್ ಸೇರಿಕೊಂಡರು. ಇನ್ನೊಂದು ಪಾಲು ಜನರನ್ನು ನಾವು ಮರೆಯಬಾರದು: ರೋಗಿಗಳು. ಹೊಸ ಪಾದವನ್ನು ಹಾಕಿಕೊಂಡು ನಡೆದು, "ಇಲ್ಲಿ ಒತ್ತುತ್ತೆ", "ಇದು ಬೇಗ ಹರಿದುಹೋಯ್ತು" ಅಂತ ಹೇಳಬೇಕಾದವರು ಅವರೇ. ಆ ಮಾತು ಯಾವ ಪುಸ್ತಕದಲ್ಲೂ ಇರಲಿಲ್ಲ.

ಹೀಗೆ ಪುಸ್ತಕ ಬಲ್ಲವರು, ಕೈಕೆಲಸ ಬಲ್ಲವರು, ನೋವು ಬಲ್ಲವರು ಒಂದೇ ಕೆಲಸದ ಜಾಗದಲ್ಲಿ ಸೇರಿದರು. ಒಬ್ಬರನ್ನು ತೆಗೆದರೂ ಮುಂದಿನ ಕತೆ ನಡೆಯುತ್ತಿರಲಿಲ್ಲ.

ಮುರಿದ ಪಾದಗಳು

ಮೊದಲ ಪ್ರಯತ್ನದಲ್ಲೇ ಗೆದ್ದರು ಅಂತ ತಿಳಿಯಬೇಡಿ. ಮರ, ಸ್ಪಂಜು, ಅಲ್ಯೂಮಿನಿಯಂ ಅಚ್ಚು, ಹೀಗೆ ಕೈಗೆ ಸಿಕ್ಕಿದ್ದನ್ನೆಲ್ಲ ಪ್ರಯೋಗಿಸಿ ನೋಡಿದರು. ಸ್ಪಂಜು ತುಂಬಿದ ಪಾದ ಮೆತ್ತಗಿತ್ತು, ಆದರೆ ಕೆಲವೇ ದಿನಗಳಲ್ಲಿ ಕಿತ್ತುಹೋಯಿತು. ಗಟ್ಟಿ ಮಾಡಿದರೆ ಬಾಗುವುದಿಲ್ಲ. ಬಾಗುವಂತೆ ಮಾಡಿದರೆ ಬಾಳುವುದಿಲ್ಲ.

ಗಮನಿಸಿ, ಇದು ವಿಜ್ಞಾನದಲ್ಲಿ ಮತ್ತೆ ಮತ್ತೆ ಬರುವ ಇಕ್ಕಟ್ಟು. ಒಂದು ಗುಣ ಬೇಕೆಂದರೆ ಇನ್ನೊಂದು ಕೈಬಿಡುತ್ತದೆ. ಎರಡೂ ಗುಣ ಒಟ್ಟಿಗೆ ಇರುವ ವಸ್ತು ಬೇಕಾಗಿತ್ತು. ಬಾಗಬೇಕು, ಆದರೆ ಹರಿಯಬಾರದು. ಮೆತ್ತಗಿರಬೇಕು, ಆದರೆ ಸವೆಯಬಾರದು. ನೀರಿನಲ್ಲಿ ನೆನೆದರೂ ಕೆಡಬಾರದು. ಸಾಲದ್ದಕ್ಕೆ ಅಗ್ಗವಾಗಿರಬೇಕು, ಜೈಪುರದಲ್ಲೇ ಸಿಗಬೇಕು.

ಇಂಥ ವಸ್ತು ಎಲ್ಲಿದೆ? ನಿಮಗೇನಾದರೂ ಹೊಳೆಯಿತಾ? ಮುಂದೆ ಓದುವ ಮೊದಲು ಒಂದು ನಿಮಿಷ ಯೋಚಿಸಿ.

ರಸ್ತೆ ಬದಿಯಲ್ಲಿ ಸಿಕ್ಕ ಉತ್ತರ

ಮಾಸ್ಟರ್‌ಜಿ ಒಂದು ದಿನ ಸೈಕಲ್ ತುಳಿದುಕೊಂಡು ಆಸ್ಪತ್ರೆಗೆ ಹೋಗುತ್ತಿದ್ದರಂತೆ. ಸೈಕಲ್ ಪಂಚರ್ ಆಯಿತು. ರಸ್ತೆ ಬದಿಯ ಅಂಗಡಿಯಲ್ಲಿ ನಿಲ್ಲಿಸಿದರು. ಅಲ್ಲಿ ಲಾರಿಯ ಸವೆದ ಟಯರಿಗೆ ಹೊಸ ರಬ್ಬರು ಕೂರಿಸುತ್ತಿದ್ದರು. ನಿಮ್ಮ ಊರಿನ ಹೆದ್ದಾರಿ ಬದಿಯಲ್ಲೂ 'ಟಯರ್ ರೀಸೋಲಿಂಗ್' ಅಂತ ಬೋರ್ಡು ನೋಡಿರಬಹುದು, ಅದೇ ಕೆಲಸ. ಸವೆದ ಟಯರಿನ ಮೇಲೆ ಹಸಿ ರಬ್ಬರಿನ ಪಟ್ಟಿ ಹಾಕಿ, ಅಚ್ಚಿನಲ್ಲಿ ಒತ್ತಿ, ಬಿಸಿ ಕೊಡುತ್ತಾರೆ. ಸ್ವಲ್ಪ ಹೊತ್ತಾದ ಮೇಲೆ ಹೊಸದೂ ಹಳೆಯದೂ ಬೆಸೆದು ಒಂದೇ ಆಗಿರುತ್ತದೆ.

ಲಾರಿ ಟಯರು ಟನ್ನುಗಟ್ಟಲೆ ಭಾರ ಹೊರುತ್ತದೆ. ಕಲ್ಲು ಮುಳ್ಳು ತುಳಿಯುತ್ತದೆ. ಮಳೆಯಲ್ಲಿ ನೆನೆಯುತ್ತದೆ, ಬಿಸಿಲಲ್ಲಿ ಕಾಯುತ್ತದೆ. ಹಾಗಿದ್ದೂ ಬಾಗುತ್ತದೆ. "ಇದೇ ರಬ್ಬರಿನಲ್ಲಿ ಪಾದ ಮಾಡಿದರೆ ಹೇಗೆ?" ಎಂದು ಮಾಸ್ಟರ್‌ಜಿಗೆ ಹೊಳೆಯಿತು. ಡಾಕ್ಟರರಿಗೆ ಹೇಳಿದರು. ಪಾದದ ಅಚ್ಚನ್ನು ಎತ್ತಿಕೊಂಡು ಅದೇ ಅಂಗಡಿಗೆ ಮರಳಿದರು. ಯಾಕಾಗಿ ಈ ಕೆಲಸ ಎಂದು ತಿಳಿದ ಮೇಲೆ ಅಂಗಡಿಯವನು ದುಡ್ಡು ಬೇಡವೆಂದನಂತೆ.

ಈ ಕತೆಯನ್ನು ಹೇಳುವಾಗ ಎಲ್ಲರೂ ಸೈಕಲ್ ಪಂಚರ್ ಆದ ಗಳಿಗೆಯನ್ನೇ ಹೇಳುತ್ತಾರೆ. ಅದೃಷ್ಟ ಅಂತಾರೆ. ಆದರೆ ಆ ಅಂಗಡಿಯ ಮುಂದೆ ದಿನಾ ನೂರಾರು ಜನ ಹೋಗುತ್ತಿದ್ದರು, ಅವರಿಗೆ ಕಂಡದ್ದು ಟಯರು ಮಾತ್ರ. ಮಾಸ್ಟರ್‌ಜಿಗೆ ಪಾದ ಕಂಡಿತು. ಯಾಕೆಂದರೆ ಎಷ್ಟೋ ಪಾದಗಳನ್ನು ಮಾಡಿ ಮುರಿದ ಕೈ ಅದು. ಸೋತ ಪ್ರಯೋಗಗಳು ತಲೆಯೊಳಗೆ ಒಂದು ಖಾಲಿ ಜಾಗ ಬಿಟ್ಟಿದ್ದವು. ಟಯರು ಬಂದು ಆ ಜಾಗದಲ್ಲಿ ಕುಳಿತಿತು.

ಬಿಸಿ ತಾಗಿದ ರಬ್ಬರು

ಈಗ ಸ್ವಲ್ಪ ರಸಾಯನಶಾಸ್ತ್ರ ನೋಡೋಣ. ರಬ್ಬರ್ ಮರದ ಹಾಲನ್ನು ಹೆಪ್ಪುಗಟ್ಟಿಸಿದರೆ ಹಸಿ ರಬ್ಬರು ಸಿಗುತ್ತದೆ. ಕಾಸರಗೋಡು ಕಡೆಯ ಮಕ್ಕಳು ತೋಟದಲ್ಲಿ ರಬ್ಬರ್ ಶೀಟು ಒಣಗಲು ಹಾಕಿರುವುದನ್ನು ನೋಡಿಯೇ ಇರುತ್ತೀರಿ. ಹಸಿ ರಬ್ಬರು ಸೆಕೆಯಲ್ಲಿ ಅಂಟಂಟಾಗುತ್ತದೆ, ಚಳಿಯಲ್ಲಿ ಬಿರುಸಾಗುತ್ತದೆ. ಎಳೆದರೆ ಪೂರ್ತಿಯಾಗಿ ಹಳೆಯ ಆಕಾರಕ್ಕೆ ಬರುವುದೂ ಇಲ್ಲ.

ಯಾಕೆ? ರಬ್ಬರಿನ ಅಣುಗಳು ತುಂಬ ಉದ್ದದ ಸರಪಳಿಗಳು. ಕಲಸಿಟ್ಟ ಶ್ಯಾವಿಗೆಯ ಹಾಗೆ ಒಂದರ ಮೇಲೊಂದು ಬಿದ್ದಿರುತ್ತವೆ. ಎಳೆದಾಗ ಒಂದು ಇನ್ನೊಂದರ ಮೇಲೆ ಜಾರಿಹೋಗುತ್ತದೆ.

1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಎಂಬುವರು ಹಸಿ ರಬ್ಬರಿಗೆ ಗಂಧಕ ಬೆರೆಸಿ ಬಿಸಿ ಮಾಡಿದರೆ ಅದರ ಗುಣವೇ ಬದಲಾಗುತ್ತದೆ ಎಂದು ಕಂಡುಕೊಂಡರು. ಗಂಧಕದ ಪರಮಾಣುಗಳು ಒಂದು ಸರಪಳಿಗೂ ಪಕ್ಕದ ಸರಪಳಿಗೂ ನಡುವೆ ಸೇತುವೆ ಕಟ್ಟುತ್ತವೆ. ಈಗ ಎಳೆದರೆ ಸರಪಳಿಗಳು ಹಿಗ್ಗುತ್ತವೆ, ಆದರೆ ಜಾರಿಹೋಗುವುದಿಲ್ಲ. ಬಿಟ್ಟ ಕೂಡಲೇ ಸೇತುವೆಗಳು ಅವನ್ನು ಹಿಂದಕ್ಕೆ ಎಳೆಯುತ್ತವೆ. ಇದಕ್ಕೆ ವಲ್ಕನೀಕರಣ ಎಂದು ಹೆಸರು. ಪಂಚರ್ ಅಂಗಡಿಯವರ ಬಾಯಲ್ಲಿ 'ವಲ್ಕನೈಸಿಂಗ್'. ರೋಮನ್ನರ ಬೆಂಕಿ ದೇವರಾದ ವಲ್ಕನ್ ಹೆಸರಿನಿಂದ ಬಂದ ಮಾತು ಇದು.

ಸೇತುವೆ ಕಡಿಮೆ ಇದ್ದರೆ ರಬ್ಬರು ಮೆತ್ತಗೆ, ಹೆಚ್ಚಾದರೆ ಗಟ್ಟಿ. ಹಾಗಾಗಿ ಒಂದೇ ರಬ್ಬರನ್ನು ಬೇರೆ ಬೇರೆ ಕೆಲಸಕ್ಕೆ ಬೇರೆ ಬೇರೆ ಹದದಲ್ಲಿ ತಯಾರಿಸಬಹುದು.

ಮಾಡಿ ನೋಡಿ: ಹತ್ತು ದಾರದ ಎಳೆಗಳನ್ನು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು, ಒಬ್ಬರು ಒಂದು ಬದಿಯ ಐದು ಎಳೆ, ಇನ್ನೊಬ್ಬರು ಉಳಿದ ಐದು ಎಳೆ ಹಿಡಿದು ವಿರುದ್ಧ ದಿಕ್ಕಿಗೆ ಎಳೆಯಿರಿ. ಸುಲಭವಾಗಿ ಬೇರೆಯಾಗುತ್ತವೆ. ಈಗ ಅವೇ ಎಳೆಗಳನ್ನು ಅಲ್ಲಲ್ಲಿ ಅಡ್ಡ ದಾರದಿಂದ ಗಂಟು ಹಾಕಿ ಮತ್ತೆ ಎಳೆಯಿರಿ. ಏನಾಯಿತು? ಆ ಗಂಟುಗಳೇ ನಮ್ಮ ಗಂಧಕ.

ಪಾದದ ಒಳಗೆ ಏನಿದೆ?

ಮನುಷ್ಯನ ಒಂದು ಪಾದದಲ್ಲಿ 26 ಮೂಳೆಗಳಿವೆ. ಅಷ್ಟನ್ನೂ ನಕಲು ಮಾಡುವುದು ಯಾರಿಂದಲೂ ಆಗದ ಮಾತು. ಜೈಪುರದ ಗುಂಪು ನಕಲು ಮಾಡಲು ಹೋಗಲಿಲ್ಲ. ಪಾದ ಏನೇನು ಕೆಲಸ ಮಾಡಬೇಕು ಎಂದು ಪಟ್ಟಿ ಹಾಕಿದಂತೆ ಯೋಚಿಸಿ, ಆ ಕೆಲಸ ಮಾಡುವ ಮೂರು ತುಂಡುಗಳನ್ನು ಮಾಡಿತು.

ಒಂದು, ಹಿಮ್ಮಡಿ. ಇದು ಒಳಗೆಲ್ಲ ಸಣ್ಣ ಸಣ್ಣ ಗಾಳಿಗುಳ್ಳೆ ಇರುವ ಮೆತ್ತನೆ ರಬ್ಬರು. ನೀವು ಹಾಕುವ ಹವಾಯಿ ಚಪ್ಪಲಿಯ ಅಟ್ಟೆಯೂ ಇದೇ ಜಾತಿಯದು. ಹೆಜ್ಜೆ ಊರಿದಾಗ ಬೀಳುವ ಪೆಟ್ಟನ್ನು ಇದು ನುಂಗುತ್ತದೆ. ಎರಡು, ಪಾದದ ಮುಂಭಾಗ. ಇಲ್ಲಿಯೂ ಅದೇ ರಬ್ಬರು. ಮುಂದಿನ ಹೆಜ್ಜೆಗೆ ಪಾದ ಎತ್ತುವಾಗ ಇದು ಮಡಚುತ್ತದೆ. ಮೂರು, ಗಿಣ್ಣಿನ ಜಾಗದಲ್ಲಿ ಮರದ ತುಂಡು. ಮೇಲಿನ ಕಾಲನ್ನು ಪಾದಕ್ಕೆ ಜೋಡಿಸುವ ಬೋಲ್ಟು ಕೂರುವುದು ಇಲ್ಲಿ.

ಈ ಮೂರು ತುಂಡುಗಳನ್ನು ಟಯರಿನಲ್ಲಿರುವಂಥ ನೂಲು ಸೇರಿದ ರಬ್ಬರಿನಿಂದ ಸುತ್ತುತ್ತಾರೆ. ನಮ್ಮ ಕಾಲಿನಲ್ಲಿ ಮೂಳೆಗೆ ಮೂಳೆಯನ್ನು ಕಟ್ಟುವ ಅಸ್ಥಿರಜ್ಜು ಮಾಡುವ ಕೆಲಸವನ್ನು ಇದು ಮಾಡುತ್ತದೆ. ಹೊರಗೆ ಚರ್ಮದ ಬಣ್ಣದ ರಬ್ಬರಿನ ಹೊದಿಕೆ. ಎಲ್ಲವನ್ನೂ ಪಾದದ ಆಕಾರದ ಅಲ್ಯೂಮಿನಿಯಂ ಅಚ್ಚಿನಲ್ಲಿಟ್ಟು, ನೀರು ಕುದಿಯುವುದಕ್ಕಿಂತ ಹೆಚ್ಚಿನ ಬಿಸಿಯಲ್ಲಿ ಬೇಯಿಸುತ್ತಾರೆ. ಹೊರಬಂದಾಗ ಬೆರಳು, ಉಗುರು ಸಮೇತ ಇಡೀ ಪಾದ.

ಸ್ಯಾಚ್ ಪಾದದಲ್ಲಿ ಗಟ್ಟಿ ಮರ ಮುಂದಿನವರೆಗೂ ಚಾಚಿತ್ತು. ಇಲ್ಲಿ ಮರ ಗಿಣ್ಣಿನಲ್ಲೇ ನಿಂತಿದೆ. ಅದರ ಕೆಳಗೆ, ಮುಂದೆ ಎಲ್ಲ ರಬ್ಬರು. ಆದ್ದರಿಂದ ಪಾದ ಮೇಲಕ್ಕೆ ಮಡಚುತ್ತದೆ: ಕುಕ್ಕರಗಾಲಲ್ಲಿ ಕೂರಬಹುದು. ಪಕ್ಕಕ್ಕೆ ವಾಲುತ್ತದೆ: ಉಬ್ಬುತಗ್ಗಿನಲ್ಲಿ ನಡೆಯಬಹುದು. ಸ್ವಲ್ಪ ತಿರುಗುತ್ತದೆ: ಚಕ್ಕಳಮಕ್ಕಳ ಹಾಕಬಹುದು. ಬೂಟು ಬೇಡ, ನೀರಿನ ಭಯ ಇಲ್ಲ. ಇದನ್ನು ಹಾಕಿಕೊಂಡವರು ಹೊಲ ಉತ್ತರು, ಸೈಕಲ್ ಹೊಡೆದರು, ಮರ ಹತ್ತಿದರು. ಅಪಘಾತದಲ್ಲಿ ಕಾಲು ಕಳೆದುಕೊಂಡ ಭರತನಾಟ್ಯ ಕಲಾವಿದೆ ಸುಧಾ ಚಂದ್ರನ್ ಇದೇ ಪಾದದಿಂದ ಮತ್ತೆ ರಂಗಕ್ಕೆ ಬಂದರು. ತೆಲುಗಿನ 'ಮಯೂರಿ' ಚಿತ್ರದಲ್ಲಿ ತಮ್ಮ ಕತೆಗೆ ತಾವೇ ನಟಿಸಿದರು. ಆಂಧ್ರ, ತೆಲಂಗಾಣದ ಕಡೆ ಇರುವ ನಿಮ್ಮ ಮನೆಯ ಹಿರಿಯರನ್ನು ಕೇಳಿ, ನೆನಪಿರುತ್ತದೆ.

1968ರ ಸುಮಾರಿಗೆ ರೂಪುಗೊಂಡ ಈ ಪಾದಕ್ಕೆ 'ಜೈಪುರ ಪಾದ' ಎಂದೇ ಹೆಸರಾಯಿತು.

ಕಂಡುಹಿಡಿದವರು ಯಾರು?

ಈಗ ಒಂದು ಕಷ್ಟದ ಪ್ರಶ್ನೆ. ಪರೀಕ್ಷೆಯಲ್ಲಿ 'ಜೈಪುರ ಪಾದವನ್ನು ಕಂಡುಹಿಡಿದವರು ಯಾರು?' ಎಂದು ಒಂದು ಅಂಕಕ್ಕೆ ಕೇಳಿದರೆ ಏನು ಬರೆಯುತ್ತೀರಿ?

ಬಹಳ ಕಾಲ ಜನ 'ಡಾ. ಸೇಠಿ' ಎಂದೇ ಬರೆದರು. 1981ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು, ಪದ್ಮಶ್ರೀಯೂ ಬಂತು. ರಾಮಚಂದ್ರ ಶರ್ಮಾ ಹೆಸರು ಅಷ್ಟು ದೂರ ಹೋಗಲಿಲ್ಲ. ಆಮೇಲೆ ಕೆಲವರು, "ಯೋಚನೆ ಶರ್ಮಾ ಅವರದು, ಹೆಸರು ಮಾತ್ರ ಡಾಕ್ಟರರದು" ಎಂದು ವಾದಿಸಿದರು. ಈ ಬೇಸರದಲ್ಲಿ ನ್ಯಾಯ ಇದೆ. ಕೋಟು ಹಾಕಿದವರ ಹೆಸರು ಬೇಗ ಕಾಣುತ್ತದೆ, ಕೈಗೆ ಮಸಿ ಮೆತ್ತಿಕೊಂಡವರ ಹೆಸರು ಕಾಣುವುದಿಲ್ಲ. ಇದು ಜೈಪುರದಲ್ಲಿ ಮಾತ್ರ ನಡೆಯುವ ಸಂಗತಿ ಅಲ್ಲ.

ಆದರೆ ಇನ್ನೊಂದು ಸಂಗತಿಯೂ ನಿಮಗೆ ಗೊತ್ತಿರಲಿ. 1978ರಲ್ಲಿ ಕೃತಕ ಅಂಗಗಳ ಬಗೆಗಿನ ಒಂದು ಅಂತಾರಾಷ್ಟ್ರೀಯ ವಿಜ್ಞಾನ ಪತ್ರಿಕೆಯಲ್ಲಿ ಈ ಪಾದದ ಬಗ್ಗೆ ಪ್ರಬಂಧ ಪ್ರಕಟವಾಯಿತು. ಅದರ ತಲೆಯಲ್ಲಿ ನಾಲ್ಕು ಹೆಸರುಗಳಿವೆ: ಸೇಠಿ, ಉದಾವತ್, ಕಾಸ್ಲಿವಾಲ್ ಮತ್ತು ರಾಮಚಂದ್ರ. ಮೂವರು ಡಾಕ್ಟರು, ಒಬ್ಬರು ಕುಶಲಕರ್ಮಿ. ವಿಜ್ಞಾನದಲ್ಲಿ ಪ್ರಬಂಧದ ಮೇಲೆ ಹೆಸರು ಬರುವುದೆಂದರೆ 'ಈ ಜ್ಞಾನ ಇವರದೂ ಹೌದು' ಎಂದು ಜಗತ್ತಿನ ಮುಂದೆ ಒಪ್ಪಿಕೊಂಡಂತೆ. ಶಾಲೆಯನ್ನು ಬೇಗ ಬಿಟ್ಟ ಒಬ್ಬರ ಹೆಸರು ಅಲ್ಲಿ ಕೂತಿದೆ. ಅದು ಸಣ್ಣ ಮಾತಲ್ಲ.

ಹಾಗಾದರೆ ಒಂದು ಅಂಕದ ಪ್ರಶ್ನೆಗೆ ಉತ್ತರ? ನಿಜ ಹೇಳಬೇಕೆಂದರೆ ಪ್ರಶ್ನೆಯೇ ಸರಿ ಇಲ್ಲ. ಕಲ್ಪನೆ ಮಾಸ್ಟರ್‌ಜಿಯದು. ಆ ಕಲ್ಪನೆಗೆ ನಡೆಯಲು ಕಲಿಸಿದ್ದು ಡಾಕ್ಟರರ ಅಂಗರಚನಾ ಜ್ಞಾನ. ಬೇಯಿಸುವ ವಿದ್ಯೆ ಟಯರ್ ಅಂಗಡಿಯದು. ಅದು ಸರಿಯೋ ತಪ್ಪೋ ಎಂದು ತೀರ್ಪು ಕೊಟ್ಟದ್ದು ರೋಗಿಯ ಕಾಲು. ಹೊಸದು ಹುಟ್ಟಿದ್ದು ಇವರ ನಡುವೆ. ದಾರದ ಪ್ರಯೋಗ ನೆನಪಿದೆಯಾ? ಬಿಡಿ ಎಳೆಗಳು ಎಷ್ಟೇ ಉದ್ದ ಇದ್ದರೂ ಜಾರಿಹೋಗುತ್ತವೆ. ನಡುವೆ ಗಂಟು ಬಿದ್ದಾಗಲೇ ಬಲ.

ಮುಖ್ಯಸ್ಥರು ಮಾಡಬೇಕಾದ ಕೆಲಸ

ಒಂದು ಗುಂಪಿನಿಂದ ಹೊಸ ಯೋಚನೆ ಹೊರಡಬೇಕಾದರೆ ಮುಖ್ಯಸ್ಥರು ಎಲ್ಲರಿಗಿಂತ ಜಾಣರಾಗಿರಬೇಕು ಅಂತ ನಾವು ಅಂದುಕೊಳ್ಳುತ್ತೇವೆ. ಜೈಪುರದ ಕತೆ ಬೇರೆಯದನ್ನು ಹೇಳುತ್ತದೆ. ಸೇಠಿಯವರಿಗೆ ರಬ್ಬರಿನ ವಿಷಯ ಹೊಳೆಯಲಿಲ್ಲ. ಆದರೆ ಹೊಳೆದವರು ಧೈರ್ಯವಾಗಿ ಬಂದು ಹೇಳಬಹುದಾದ ಜಾಗ ಅಲ್ಲಿತ್ತು.

ಯೋಚಿಸಿ ನೋಡಿ. ಕರಕುಶಲ ಕಲಿಸುವ ಒಬ್ಬರು ದೊಡ್ಡ ಸರ್ಜನ್ ಹತ್ತಿರ ಹೋಗಿ, "ಸಾಹೇಬರೇ, ಲಾರಿ ಟಯರಿನಲ್ಲಿ ಪಾದ ಮಾಡೋಣ" ಅನ್ನುತ್ತಾರೆ. ಎಷ್ಟು ಕಡೆ ಇಂಥ ಮಾತಿಗೆ ನಗು ಬೀಳುತ್ತಿತ್ತು! "ನಿನ್ನ ಕೆಲಸ ನೀನು ನೋಡ್ಕೋ" ಅಂತ ಕಳಿಸಿಬಿಡುತ್ತಿದ್ದರು. ನಕ್ಕಿದ್ದರೆ ಅಲ್ಲಿಗೆ ಮುಗಿಯಿತು. ಒಂದು ಸಲ ನಗೆಪಾಟಲಾದವರು ಎರಡನೇ ಸಲ ಬಾಯಿ ತೆರೆಯುವುದಿಲ್ಲ.

ಹೊಸ ಪಾದ ಮುರಿದಾಗಲೂ ಅಷ್ಟೇ. "ಯಾರ ತಪ್ಪು?" ಎಂದು ಕೇಳಿದರೆ ಜನ ಮುರಿದ ಪಾದವನ್ನು ಬಚ್ಚಿಡುತ್ತಾರೆ. "ಎಲ್ಲಿ ಮುರಿಯಿತು, ತೋರಿಸಿ" ಎಂದರೆ ಮೇಜಿನ ಮೇಲೆ ತಂದಿಡುತ್ತಾರೆ. ಮುಂದಿನ ಪಾದ ಹೇಗಿರಬೇಕು ಎಂದು ಹೇಳುವುದು ಮೇಜಿನ ಮೇಲೆ ಬಂದ ಮುರಿದ ಪಾದವೇ.

ಬೀಗ ಹಾಕದ ವಿದ್ಯೆ

ಈ ಪಾದಕ್ಕೆ ಸೇಠಿಯವರು ಪೇಟೆಂಟ್ ಮಾಡಿಸಲಿಲ್ಲ. ಯಾರು ಬೇಕಾದರೂ ಕಲಿತು ಮಾಡಬಹುದಿತ್ತು. ಆದರೂ ಮೊದಲ ಏಳು ವರ್ಷಗಳಲ್ಲಿ ಅದು ನೂರು ಮಂದಿಗೂ ಸಿಗಲಿಲ್ಲ. ಒಳ್ಳೆಯ ವಸ್ತು ತಯಾರಾದ ಮಾತ್ರಕ್ಕೆ ಜನರ ಮನೆ ಸೇರುವುದಿಲ್ಲ, ಅದನ್ನು ತಲುಪಿಸುವ ವ್ಯವಸ್ಥೆಯೂ ಬೇಕು. 1975ರಲ್ಲಿ ಡಿ. ಆರ್. ಮೆಹ್ತಾ ಎಂಬ ಅಧಿಕಾರಿ ಜೈಪುರದಲ್ಲಿ 'ಭಗವಾನ್ ಮಹಾವೀರ ವಿಕಲಾಂಗ ಸಹಾಯತಾ ಸಮಿತಿ' ಸ್ಥಾಪಿಸಿದರು. ಅಪಘಾತವೊಂದರಲ್ಲಿ ಅವರ ಕಾಲಿಗೇ ತೀವ್ರ ಪೆಟ್ಟಾಗಿತ್ತು. ಕಾಲು ಉಳಿದರೂ ಆ ನೋವು ಅವರಿಗೆ ಗೊತ್ತಿತ್ತು. ಸಮಿತಿ ಕಾಲುಗಳನ್ನು ಉಚಿತವಾಗಿ ಕೊಡತೊಡಗಿತು. ನೆಲಬಾಂಬುಗಳಿಂದ ಕಾಲು ಕಳೆದುಕೊಂಡ ಅಫ್ಘಾನಿಸ್ತಾನದ ಜನರಿಗೂ ಈ ಪಾದ ತಲುಪಿತು. ಇಂದು ಇದರಿಂದ ನಡೆದಾಡುತ್ತಿರುವವರು ಲಕ್ಷಾಂತರ ಮಂದಿ.

ಬೀಗ ಹಾಕದ ಕಾರಣ ಬೇರೆಯವರೂ ಅದಕ್ಕೆ ಹೊಸದನ್ನು ಸೇರಿಸಿದರು. ಮೊದಲು ಪಾದದ ಮೇಲಿನ ಕಾಲಿನ ಭಾಗವನ್ನು ಅಲ್ಯೂಮಿನಿಯಂ ತಗಡು ಬಡಿದು ಮಾಡುತ್ತಿದ್ದರು. ಪಾತ್ರೆ ಬಡಿಯುವ ಕುಶಲಕರ್ಮಿಗಳ ವಿದ್ಯೆ ಅದು. ಆಮೇಲೆ ಹೊಲಕ್ಕೆ ನೀರು ಹಾಯಿಸುವ ಎಚ್.ಡಿ.ಪಿ.ಇ. ಪ್ಲಾಸ್ಟಿಕ್ ಪೈಪು ಆ ಜಾಗಕ್ಕೆ ಬಂತು. ಪೈಪನ್ನು ಬಿಸಿ ಮಾಡಿ ಮೆತ್ತಗಾಗಿಸಿ, ರೋಗಿಯ ಕಾಲಿನ ಪ್ಲಾಸ್ಟರ್ ಅಚ್ಚಿನ ಮೇಲೆ ಎಳೆದು, ಗಾಳಿ ಹೀರಿ ಅಂಟಿಸಿದರೆ ಆಯಿತು. ಹಗುರ, ಅಗ್ಗ, ತುಕ್ಕಿಲ್ಲ. ಮೊಣಕಾಲಿನ ಮೇಲೆ ಕಾಲು ಕಳೆದುಕೊಂಡವರಿಗಾಗಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಸಮಿತಿಯ ಜೊತೆ ಸೇರಿ 'ಜೈಪುರ ಮೊಣಕಾಲು' ರೂಪಿಸಿದರು. 'ಟೈಮ್' ಪತ್ರಿಕೆ 2009ರ ಅತ್ಯುತ್ತಮ ಆವಿಷ್ಕಾರಗಳ ಪಟ್ಟಿಯಲ್ಲಿ ಅದನ್ನು ಸೇರಿಸಿತು. ನೋಡಿ, ಅದೂ ಒಂದು ತರಗತಿಯ ಗುಂಪು ಕೆಲಸವೇ!

ಈಗ ನಿಮ್ಮ ಗುಂಪಿಗೆ ಬರೋಣ

ವಿಜ್ಞಾನ ಮಾದರಿ ಮಾಡಲು ಐದೈದು ಜನರ ಗುಂಪು ಮಾಡಿದಾಗ ಏನಾಗುತ್ತದೆ ಅಂತ ನಿಮಗೇ ಗೊತ್ತು. ಹೆಚ್ಚು ಅಂಕ ಬರುವವರು ನಾಯಕರಾಗುತ್ತಾರೆ. ಏನು ಮಾಡಬೇಕೆಂದು ಅವರೇ ಹೇಳುತ್ತಾರೆ. ಅಪ್ಪನ ಗ್ಯಾರೇಜಿನಲ್ಲೋ ಅಮ್ಮನ ಹೊಲಿಗೆ ಯಂತ್ರದ ಹತ್ತಿರವೋ ಕೆಲಸ ಕಲಿತವರು ಹಿಂದೆ ನಿಂತು ಅಂಟು ಹಚ್ಚುತ್ತಾರೆ. ಬಹುಮಾನ ಬಂದಾಗ ವೇದಿಕೆ ಹತ್ತುವುದು ಒಬ್ಬರೇ.

ನಮ್ಮ ಶಾಲೆಗಳಲ್ಲಿ ಇನ್ನೂ ಒಂದು ಸಂಗತಿ ಇದೆ. ಗಡಿಯಾಚೆಯ ನಾವು ಮನೆಯಲ್ಲಿ ಒಂದು, ಬಜಾರಿನಲ್ಲಿ ಒಂದು, ಪುಸ್ತಕದಲ್ಲಿ ಒಂದು ಭಾಷೆ ಆಡುವವರು. ಪುಸ್ತಕದ ಕನ್ನಡ ಬಾಯಿಗೆ ಬರಲಿಲ್ಲ ಎಂದು ಎಷ್ಟೋ ಮಕ್ಕಳು ಒಳ್ಳೆಯ ಯೋಚನೆಯನ್ನು ನುಂಗಿಕೊಂಡು ಸುಮ್ಮನಿರುತ್ತಾರೆ. ಆ ಮೌನದಲ್ಲಿ ಒಂದು ಜೈಪುರ ಪಾದ ಇರಬಹುದು.

ಹಾಗಾಗಿ ಮುಂದಿನ ಗುಂಪು ಕೆಲಸದಲ್ಲಿ ಇಷ್ಟು ಮಾಡಿ ನೋಡಿ:

1. ಕೆಲಸ ಶುರು ಮಾಡುವ ಮೊದಲು ಎಲ್ಲರೂ ತಮಗೆ ಹೊಳೆದದ್ದನ್ನು ಒಂದು ಚೀಟಿಯಲ್ಲಿ ಬರೆಯಲಿ ಅಥವಾ ಚಿತ್ರ ಬಿಡಿಸಲಿ. ಹೆಸರು ಬೇಡ. ತಮಗೆ ಬರುವ ಯಾವ ಭಾಷೆಯಾದರೂ ಸರಿ. ಎಲ್ಲ ಚೀಟಿ ಓದುವವರೆಗೆ ಯಾರೂ ನಗುವಂತಿಲ್ಲ, 'ಇದು ಆಗಲ್ಲ' ಅನ್ನುವಂತಿಲ್ಲ.

2. ನಾಯಕರಾದವರು ಕೊನೆಯಲ್ಲಿ ಮಾತಾಡಲಿ. ಮೊದಲೇ ಮಾತಾಡಿದರೆ ಉಳಿದವರು ಅದಕ್ಕೇ ತಲೆ ಆಡಿಸುತ್ತಾರೆ.

3. ನೀವು ಮಾಡುವ ವಸ್ತು ಯಾರಿಗಾಗಿಯೋ ಅವರನ್ನು ಕೇಳಿ. ಅಜ್ಜಿಗೆ ಊರುಗೋಲು ಮಾಡುವುದಾದರೆ ಅಜ್ಜಿಯೂ ಗುಂಪಿನ ಸದಸ್ಯೆ.

4. ಕೆಟ್ಟುಹೋದ ಮಾದರಿಗಳನ್ನು ಎಸೆಯಬೇಡಿ. ವಿಜ್ಞಾನ ಮೇಳದಲ್ಲಿ ಗೆದ್ದ ಮಾದರಿಯ ಪಕ್ಕದಲ್ಲೇ ಅವನ್ನೂ ಇಟ್ಟು, ಯಾಕೆ ಕೆಟ್ಟವು ಎಂದು ಬರೆಯಿರಿ.

5. ಫಲಕದ ಮೇಲೆ ಎಲ್ಲರ ಹೆಸರು ಬರೆಯಿರಿ. ಪ್ರತಿ ಹೆಸರಿನ ಮುಂದೆ ಅವರು ಏನು ಮಾಡಿದರು ಎಂದೂ ಬರೆಯಿರಿ. ಪಂಚರ್ ಅಂಗಡಿಯಣ್ಣ ಸಹಾಯ ಮಾಡಿದ್ದರೆ ಅವರ ಹೆಸರನ್ನೂ.

ಯೋಚಿಸಿ, ಚರ್ಚಿಸಿ

ಅ. ಸ್ಯಾಚ್ ಪಾದ ಕೆಟ್ಟ ಪಾದವೇ? ಒಂದು ವಸ್ತು ಒಂದು ಊರಿಗೆ ಒಳ್ಳೆಯದಾಗಿ, ಇನ್ನೊಂದು ಊರಿಗೆ ಆಗದಿರಲು ಕಾರಣಗಳೇನು? ನಿಮ್ಮ ಮನೆಯಿಂದ ಒಂದು ಉದಾಹರಣೆ ಕೊಡಿ.

ಆ. ಟಯರಿನಲ್ಲಿ ರಬ್ಬರಿನ ಜೊತೆ ನೂಲು ಯಾಕಿರುತ್ತದೆ? ಪಂಚರ್ ಅಂಗಡಿಗೆ ಹೋಗಿ ಹಳೆಯ ಟಯರಿನ ಕತ್ತರಿಸಿದ ಅಂಚನ್ನು ನೋಡಿ, ಪದರಗಳನ್ನು ಎಣಿಸಿ, ಚಿತ್ರ ಬಿಡಿಸಿ.

ಇ. ಪ್ರಶಸ್ತಿ ಕೊಡುವ ಸಮಿತಿಯಲ್ಲಿ ನೀವಿದ್ದಿದ್ದರೆ 1981ರಲ್ಲಿ ಯಾರ ಯಾರ ಹೆಸರು ಬರೆಯುತ್ತಿದ್ದಿರಿ? ಯಾಕೆ?

ಈ. ನಿಮ್ಮ ಶಾಲೆಯಲ್ಲಿ, ಬೀದಿಯಲ್ಲಿ ಯಾರೂ ಮಾತು ಕೇಳದ, ಆದರೆ ಕೈಯಲ್ಲಿ ವಿದ್ಯೆ ಇರುವ ಒಬ್ಬರನ್ನು ಹುಡುಕಿ. ಅವರ ಜೊತೆ ಅರ್ಧ ಗಂಟೆ ಕುಳಿತು ಅವರ ಕೆಲಸದ ಬಗ್ಗೆ ಕೇಳಿ. ತಿಳಿದದ್ದನ್ನು ಒಂದು ಪುಟ ಬರೆದು ತರಗತಿಯಲ್ಲಿ ಓದಿ. ಓದುವ ಮೊದಲು ಅವರ ಒಪ್ಪಿಗೆ ಕೇಳಿ, ಅವರ ಹೆಸರು ಹೇಳಲು ಮರೆಯಬೇಡಿ.